ಕೋಶ: ಒರೆಯೋ ಒಡವೆಯೋ

ಮಳೆ ಹಿಂದಾಗಿ ಡೆಂಗೆಯ ದಿನಗಳು ಬಂದವೆಂದರೆ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ದವಾಖಾನೆಗಳ ಮುಂದೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಪಾಂಢರ್‍ಯಾ ಪೇಶೀ ಕಮೀ ಝಾಲ್ಯಾ’. ಬಿಳಿ ಪೇಶಿಗಳು ಕಡಿಮೆಯಾದವು ಎಂದು. ಅಲ್ಲಿಂದ ಭೀಮಾ ಹೊಳೆಯ ಗುಂಟ ಕೆಳಗಿಳಿದು ಪಂಢರಪುರ, ಮಂಗಳವೇಢೆ ಹಿಂದೆ ಹಾಕಿ ಇಂಡಿ, ಅಫಜಲಪುರದ ಸೀಮೆಗೆ ಬಂದರೆ ಅದೇ ಜ್ವರ, ಅದೇ ರಕ್ತಪರೀಕ್ಷೆಯ ಚೀಟಿ, ಮಾತು ಮಾತ್ರ ಬೇರೆ: ‘ಬಿಳಿ ರಕ್ತಕಣ ಇಳದಾವ್ರಿ’. ಆ ಮನೆಯ ಮಗಳು ಶಾಲೆಯ ವಿಜ್ಞಾನದ ಪುಸ್ತಕ ತೆರೆದಳೋ, ಅಲ್ಲಿ ಪೇಶಿಯೂ ಇಲ್ಲ, ಬರಿಯ ಕಣವೂ ಅಲ್ಲ, ‘ಜೀವಕೋಶ’. ಒಂದೇ ವಸ್ತುವಿಗೆ ಒಂದೇ ಹೊಳೆಯ ಉದ್ದಕ್ಕೆ ಮೂರು ಹೆಸರು. ನುಡಿಯ ಬೇರು ಕೆದಕುವ ಚಟದ ನಮ್ಮಂಥವರಿಗೆ ಇಷ್ಟು ಸಾಕಲ್ಲವೆ, ಒಂದು ಮಧ್ಯಾಹ್ನ ಕಳೆಯಲು?

ಕಣವನ್ನು ಬೇಗ ಬೀಳ್ಕೊಡೋಣ. ಅದು ಸಂಸ್ಕೃತದ ಕಣ, ಚೂರು, ಕಾಳಿನ ನುಚ್ಚು. ಒಕ್ಕಲಿಗನ ರಾಶಿಯ ಕಣವಲ್ಲ, ಚುನಾವಣೆಯ ಕಣವೂ ಅಲ್ಲ. ರಕ್ತದ ವಿಷಯಕ್ಕೆ ಅದು ಒಪ್ಪುವ ಮಾತೇ: ನಮ್ಮ ಕೆಂಪು ಕಣ ಬಲಿತ ಮೇಲೆ ತನ್ನ ನಡುವಿನ ಕೇಂದ್ರವನ್ನೇ ಹೊರಚೆಲ್ಲಿಬಿಡುತ್ತದೆ, ಪ್ಲೇಟ್‌ಲೆಟ್ಟಂತೂ ದೊಡ್ಡ ಕೋಶವೊಂದರಿಂದ ಕಳಚಿದ ಚೂರು, ಅವನ್ನು ಕಣವೆಂದವರ ಜಾಣತನ ಮೆಚ್ಚಬೇಕು. ಆದರೆ ನಾವು ಬೆನ್ನು ಹತ್ತಬೇಕಾದದ್ದು ಕೋಶವನ್ನು, ಏಕೆಂದರೆ ಅದರಷ್ಟು ಮನೆ ಬದಲಾಯಿಸಿದ ಶಬ್ದ ವಿರಳ.

ಅದರ ಹಳೆಯ ಮನೆ ನೀರಿನದು. ಋಗ್ವೇದದಲ್ಲಿ ಕೋಶವೆಂದರೆ ಬಾವಿಯಿಂದ ನೀರೆತ್ತುವ ಬಾನಿ, ಸೋಮರಸ ತುಂಬುವ ಪಾತ್ರೆ, ರಥದ ಮೇಲಿನ ತೊಟ್ಟಿ, ಕೊನೆಗೆ ಮೋಡ. ಐದನೆಯ ಮಂಡಲದ ಪರ್ಜನ್ಯಸೂಕ್ತದಲ್ಲಿ ಋಷಿ ಮಳೆಯ ದೇವರಿಗೆ ಆ ದೊಡ್ಡ ಕೋಶವನ್ನು ಮೇಲಕ್ಕೆಳೆದು ಕೆಳಕ್ಕೆ ಸುರಿಯೆಂದು ಮೊರೆಯಿಡುತ್ತಾನೆ. ಆಕಾಶವೇ ಬಾವಿ, ಮೋಡವೇ ಕಪಿಲೆಯ ಬಾನಿ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದಿರುವ, ಉಜನಿ ಅಣೆಕಟ್ಟಿನ ಹಿನ್ನೀರು ಬರುವ ಮೊದಲು ‘ಮೋಟ’ ಎಳೆದೇ ಹೊಲ ತೋಯಿಸುತ್ತಿದ್ದ ಇಂದಾಪುರದ ಹಿರಿಯರಿಗೆ ಈ ಮೊರೆಯನ್ನು ಯಾವ ಭಾಷ್ಯಕಾರನೂ ಬಿಡಿಸಿ ಹೇಳಬೇಕಿರಲಿಲ್ಲ. ಗಮನಿಸಬೇಕಾದದ್ದು ಇಷ್ಟು: ಆ ಕಾಲಕ್ಕೇ ಕೋಶವೆಂಬುದು ಬರಿಯ ಪಾತ್ರೆಯಲ್ಲ; ಒಳಗೆ ಬೇಕಾದದ್ದೊಂದು ಇದ್ದೇ ಇರುವ ಪಾತ್ರೆ. ಖಾಲಿ ಬಾನಿಯನ್ನು ಯಾರೂ ಹೊಗಳಿ ಹಾಡುವುದಿಲ್ಲ.

ಅಥರ್ವವೇದದ ಹತ್ತನೆಯ ಕಾಂಡಕ್ಕೆ ಬಂದರೆ ಕೋಶ ಮೈಯೊಳಗೆ ಹೊಕ್ಕಿದೆ. ಎಂಟು ಚಕ್ರ, ಒಂಬತ್ತು ಬಾಗಿಲ ಊರು ಈ ದೇಹ. ಅದರೊಳಗೊಂದು ಹೊನ್ನಿನ ಕೋಶ. ಮುಂಡಕೋಪನಿಷತ್ತಿನಲ್ಲಿಯೂ ಹೊನ್ನಿನ ಕೋಶ, ಅದರೊಳಗೆ ಬ್ರಹ್ಮ. ಇಲ್ಲೊಂದು ಸೂಕ್ಷ್ಮವನ್ನು ನಮ್ಮಂಥವರು ಬಿಡಬಾರದು. ಅನ್ನಮಯಕೋಶ, ಪ್ರಾಣಮಯಕೋಶ ಎಂದು ಐದನ್ನು ಎಣಿಸುವಾಗ ನಾವು ತೈತ್ತಿರೀಯೋಪನಿಷತ್ತಿನ ಹೆಸರು ಹೇಳುತ್ತೇವಷ್ಟೆ. ಆದರೆ ಅದರ ಬ್ರಹ್ಮಾನಂದವಲ್ಲಿ ಅನ್ನಮಯ, ಪ್ರಾಣಮಯ, ಮನೋಮಯ ಎನ್ನುತ್ತ ಒಂದರೊಳಗೊಂದು ಆತ್ಮವೆನ್ನುತ್ತದೆಯೇ ಹೊರತು ಅವಕ್ಕೆ ಕೋಶವೆನ್ನುವುದಿಲ್ಲ. ಕೋಶವೆಂಬ ಮಾತು ಅದೇ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ಓಂಕಾರವನ್ನು ಬ್ರಹ್ಮದ ಕೋಶವೆಂದು ಕರೆಯುವಲ್ಲಿ, ಬೇರೊಂದು ಧ್ಯಾನದ ನಡುವೆ ಇದೆ. ಐದು ಪದರಗಳಿಗೆ ಕೋಶದ ಹೆಸರು ಅಂಟಿದ್ದು ಮುಂದಿನ ವೇದಾಂತಿಗಳ ಕೈಯಲ್ಲಿ, ಆಗ ಅದರ ಅರ್ಥವೂ ಒಂದು ಮಗ್ಗುಲಿಗೆ ವಾಲಿತು: ಕೋಶವೆಂದರೆ ಒರೆ, ಬಿಚ್ಚಿ ಬಿಸಾಡಬೇಕಾದದ್ದು, ಬೆಲೆಯದ್ದೆಲ್ಲ ಅದರಾಚೆಗೆ. ಬಾನಿಯಾಗಿದ್ದಾಗ ಹೊರಗೂ ಒಳಗೂ ಕೂಡಿ ಒಂದೇ ಶಬ್ದವಾಗಿದ್ದದ್ದು ಇಲ್ಲಿ ಎರಡಾಗಿ ಸೀಳಿತು. ಈ ಸೀಳನ್ನು ನೆನಪಿಡೋಣ, ಮುಂದೆ ಕೆಲಸಕ್ಕೆ ಬರುತ್ತದೆ.

ಅಮರಸಿಂಹ ತನ್ನ ನಾನಾರ್ಥವರ್ಗದಲ್ಲಿ ಹೂವಿನ ಮೊಗ್ಗು, ಕತ್ತಿಯ ಒರೆ, ಐಸಿರಿಯ ರಾಶಿ, ದಿವ್ಯ ಎಂಬ ನಾಲ್ಕನ್ನೂ ಕೋಶದ ಅರ್ಥವಾಗಿ ಪಕ್ಕಪಕ್ಕ ಕೂರಿಸುತ್ತಾನೆ. ಮೊಗ್ಗಿನ ಅರ್ಥ ಇನ್ನೂ ಬದುಕಿರುವುದು ನೃತ್ಯದಲ್ಲಿ: ಭರತನಾಟ್ಯ ಕಲಿಯುವ ಮಗು ಬೆರಳುಗಳನ್ನು ಬಟ್ಟಲಾಗಿಸಿ ಹಿಡಿಯುವ ಪದ್ಮಕೋಶ ಹಸ್ತ. ದಿವ್ಯವೆಂದರೆ ಸತ್ಯಪರೀಕ್ಷೆ, ಯಾಜ್ಞವಲ್ಕ್ಯ ಹೇಳುವ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ಐದರಲ್ಲಿ ಕೊನೆಯದು, ದೇವರಿಗೆ ಮೀಸಿದ ನೀರು ಕುಡಿದು ಆಣೆ ಮಾಡುವುದು. ನೀರು ತುಂಬಿದ ಬಟ್ಟಲಿನ ಹಳೆಯ ನೆನಪು ಈ ಆಣೆಯಲ್ಲಿ ಉಳಿದುಕೊಂಡಿತೋ ಏನೋ ಎಂದು ನಾನಂತೂ ಊಹಿಸಿ ಸಂತೋಷಪಡುತ್ತೇನೆ. ಅಂಡಕೋಶ, ಮೂತ್ರಕೋಶ, ಗರ್ಭಕೋಶ, ಪಿತ್ತಕೋಶ ಎಂದು ವೈದ್ಯರು ಮೈಯೊಳಗಿನ ಚೀಲಗಳಿಗೆಲ್ಲ ಈ ಹೆಸರಿಟ್ಟರು, ಜಾಯಿಕಾಯಿಗೆ ಜಾತೀಕೋಶವೆಂದರು, ರೇಷ್ಮೆಹುಳು ತನ್ನ ಸುತ್ತ ನೇಯ್ದುಕೊಳ್ಳುವ ಮನೆ ಕೋಶವಾಯಿತು, ಆ ಕೋಶದಿಂದ ಬಂದದ್ದು ಕೌಶೇಯವಾಯಿತು, ಅದಕ್ಕೆ ಪಾಣಿನಿಯೇ ಒಂದು ಸೂತ್ರವನ್ನು ಮೀಸಲಿಟ್ಟ. ವಿದರ್ಭ, ಛತ್ತೀಸಗಢದ ಟಸರ್ ಸೀರೆಗೆ ಈಗಲೂ ‘ಕೋಸಾ’ ಎಂಬ ಹೆಸರೇ. ನಮ್ಮ ರಾಮನಗರದ ಮಾರುಕಟ್ಟೆಯಲ್ಲಿ ಮಾತ್ರ ಯಾರೂ ಕೋಶ ಮಾರುವುದಿಲ್ಲ, ಗೂಡು ಮಾರುತ್ತಾರೆ. ಈ ಗೂಡೂ ಮುಂದೆ ನಮಗೆ ಮತ್ತೆ ಸಿಕ್ಕುತ್ತದೆ.

ಐಸಿರಿಯ ರಾಶಿಯೆಂಬ ಅರ್ಥಕ್ಕೆ ರಾಜರ ಬೆಂಬಲ ಸಿಕ್ಕಿತು. ಕೌಟಿಲ್ಯನ ಸಪ್ತಾಂಗಗಳಲ್ಲಿ ಕೋಶವೂ ಒಂದು. ಸ್ವಾಮಿ, ಅಮಾತ್ಯ, ಜನಪದ, ದುರ್ಗ ಆದ ಮೇಲೆ ಅದರ ಸರದಿ. ಮಹಾರಾಷ್ಟ್ರದಲ್ಲಿ ಈ ಅರ್ಥ ಇಂದಿಗೂ ಸರಕಾರಿ ನೌಕರಿಯಲ್ಲಿದೆ: ತಾಲ್ಲೂಕಿನ ಕಚೇರಿಯ ಫಲಕದ ಮೇಲೆ ಉಪಕೋಷಾಗಾರ, ಸಂಘಸಂಸ್ಥೆಗಳ ಹಾಳೆಯ ಮೇಲೆ ಕೋಷಾಧ್ಯಕ್ಷ. ಬರವಣಿಗೆಯಲ್ಲಿ ಹಣದ ಕೋಷಕ್ಕೆ ಷಕಾರ, ಶಬ್ದಕೋಶಕ್ಕೆ ಶಕಾರ ಎಂಬ ಒಲವೂ ಮರಾಠಿಯಲ್ಲಿ ಕಾಣುತ್ತದೆ; ಸಂಸ್ಕೃತದಲ್ಲಿ ಎರಡೂ ರೂಪ ಹಳೆಯವೇ ಆದ್ದರಿಂದ ಯಾರನ್ನೂ ತಿದ್ದುವಂತಿಲ್ಲ. ಕರ್ನಾಟಕದಲ್ಲಿಯೋ, ಆ ಫಲಕದ ಮೇಲೆ ಖಜಾನೆ ಕುಳಿತಿದೆ. ಅದು ಅರಬ್ಬಿ, ಅದರ ದಾಯಾದಿ ಮಖ್ಜನ್ ಯುರೋಪಿನ ಬಂದರುಗಳನ್ನು ಸುತ್ತಿ ಮದ್ದಿನ ಮನೆಯಾಗಿ, ಸರಕಿನ ಉಗ್ರಾಣವಾಗಿ, ಕೊನೆಗೆ ಮ್ಯಾಗಝಿನ್ ಆಗಿ ನಿಮ್ಮ ಕೈಗೆ ಬಂದಿದೆ. ಖಜಾನೆಯೂ ಬೊಕ್ಕಸವೂ ಭಂಡಾರವೂ ಹಣದ ಕೆಲಸವನ್ನು ಹಂಚಿಕೊಂಡದ್ದರಿಂದ ಕನ್ನಡದ ಕೋಶಕ್ಕೆ ಕೈ ಬಿಡುವಾಗಿತ್ತು, ಅದಕ್ಕೇ ಅದು ಜೀವಶಾಸ್ತ್ರದ ಚಾಕರಿಗೆ ಸೇರಿತು ಎನ್ನಬಹುದೆ? ಹಿಂದಿಯಲ್ಲಿ ಕೋಷವೂ ಕೋಶಿಕೆಯೂ ಒಟ್ಟೊಟ್ಟಿಗೆ ದುಡಿಯುತ್ತಿರುವುದನ್ನು ಕಂಡರೆ ಈ ತರ್ಕ ಕುಸಿಯುತ್ತದೆ. ಆದರೂ ತಮಾಷೆಯಾಗಿದೆ, ಇರಲಿ.

ಇದೇ ದಾರಿಯಲ್ಲಿ ಇನ್ನೊಂದು ಆಮಿಷವಿದೆ. ಮರಾಠಿಯ ಕೋಶಿಂಬೀರ, ನಮ್ಮ ಕೋಸಂಬರಿ, ಇವುಗಳ ತಲೆಗೂ ಕೋಶದ ಟೊಪ್ಪಿಗೆ ಹಾಕಿ ಹೆಸರಬೇಳೆಯ ಮೊಳಕೆ ಕೋಶದಿಂದ ಹೊರಬಂತೆಂದು ಕಥೆ ಕಟ್ಟಬಹುದು. ಕಟ್ಟಬಾರದು. ಅಂತೆಯೇ ಹಾದಿಯ ಅಳತೆಯ ಕೋಸು ಸಂಸ್ಕೃತದ ಕ್ರೋಶದ ಕೂಸು. ಕೂಗಿದರೆ ಕೇಳಿಸುವಷ್ಟು ದೂರ ಅದರ ಮೂಲಾರ್ಥ. ನಮ್ಮ ಕೋಶದ ಬಳಗವಲ್ಲ.

ಮಾತಿನ ಭಂಡಾರವೆಂಬ ಅರ್ಥಕ್ಕೆ ನಮ್ಮಲ್ಲಿ ಹೆಚ್ಚು ವಿವರಣೆ ಬೇಡ. ಅಮರನ ಕೃತಿಯ ನಿಜವಾದ ಹೆಸರು ನಾಮಲಿಂಗಾನುಶಾಸನ, ಜನ ಕರೆದದ್ದು ಅಮರಕೋಶ, ವಸುಬಂಧುವಿನದು ಅಭಿಧರ್ಮಕೋಶ, ಕನ್ನಡದ ಎರಡನೆಯ ನಾಗವರ್ಮ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಕೊಟ್ಟ ಗ್ರಂಥಕ್ಕೆ ಅಭಿಧಾನ ವಸ್ತುಕೋಶ ಎಂದೇ ಹೆಸರಿಟ್ಟ. ದೇಶ ಸುತ್ತು, ಕೋಶ ಓದು ಎಂಬ ಗಾದೆಯಲ್ಲಿ ಅದು ಪುಸ್ತಕಮಾತ್ರವಾಗಿ ಹಿಗ್ಗಿತು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಸುಮಿತ್ರ ಮಂಗೇಶ ಕತ್ರೆ ಶುರುಮಾಡಿದ ಐತಿಹಾಸಿಕ ಕ್ರಮದ ಸಂಸ್ಕೃತ ಮಹಾಕೋಶ ಇನ್ನೂ ಸ್ವರಗಳ ಮೊದಲ ಅಕ್ಷರವನ್ನು ದಾಟಲಾರದೆ ನಡೆಯುತ್ತಲೇ ಇದೆ. ಕಕಾರ ಬಂದು ಕೋಶದ ಪುಟ ತೆರೆಯುವಷ್ಟರಲ್ಲಿ ಈ ಶಬ್ದ ಇನ್ನೆಷ್ಟು ಮನೆ ಬದಲಾಯಿಸಿರುತ್ತದೋ!

ಈಗ 1665ಕ್ಕೆ. ರಾಬರ್ಟ್ ಹುಕ್ ಬೆಂಡಿನ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಕಂಡದ್ದು ಸಾಲುಸಾಲು ತೂತು, ನಡುನಡುವೆ ಗೋಡೆ. ಅದಕ್ಕವನು ಲ್ಯಾಟಿನ್ನಿನ ‘ಸೆಲ್ಲಾ’ ಎಂಬ ಮಾತಿನಿಂದ ಇಳಿದ ‘ಸೆಲ್’ ಎಂಬ ಹೆಸರಿಟ್ಟ. ಸೆಲ್ಲಾ ಎಂದರೆ ಸಣ್ಣ ಕೋಣೆ, ಸನ್ಯಾಸಿಯ ಕುಟೀರ, ಗುಡಿಯ ಗರ್ಭಗೃಹ, ಕಾಳುಕಡಿ ಕೂಡಿಡುವ ಉಗ್ರಾಣ. ನೆಲಮಾಳಿಗೆಯ ಇಂಗ್ಲಿಷ್ ಹೆಸರೂ ಅದರದೇ ಸಂತತಿ. ಹುಕ್ ಕಂಡ ಕೋಣೆಗಳಲ್ಲಿ ಯಾರೂ ಇರಲಿಲ್ಲ. ಅದು ಸತ್ತ ತೊಗಟೆ. ಜೀವವಿಲ್ಲದ ಒರೆಗೆ ಇಟ್ಟ ಹೆಸರು ಶ್ಲೈಡೆನ್ 1838ರಲ್ಲಿ ಗಿಡಗಳಿಗೂ ಶ್ವಾನ್ 1839ರಲ್ಲಿ ಪ್ರಾಣಿಗಳಿಗೂ ಇದೇ ಮೂಲಘಟಕವೆಂದು ಸಾರಿದಾಗ ಜೀವಕ್ಕೇ ಹೆಸರಾಯಿತು. ಹೆಸರಿನಲ್ಲಿ ಗೋಡೆಯುಳಿಯಿತು, ಪ್ರಾಣಿಯ ಕೋಶಕ್ಕೆ ಆ ಗೋಡೆಯೇ ಇಲ್ಲ.

ನಮ್ಮವರು ಇದಕ್ಕೆ ಜೀವಕೋಶವೆಂದದ್ದು ನೋಡಿ ಎಷ್ಟು ಸ್ವಾರಸ್ಯ. ಸಮಾಸ ಬಿಡಿಸಿದರೆ ಎರಡು ದಾರಿ. ಜೀವದ ಕೋಶವೆಂದು ತತ್ಪುರುಷವಾಗಿ ಓದಿದರೆ ಒಳಗೆ ಜೀವ, ಹೊರಗೆ ಒರೆ, ವೇದಾಂತಿಯ ಪಂಚಕೋಶದ ಮಾದರಿ. ಜೀವವೇ ಆದ ಕೋಶವೆಂದು ಕರ್ಮಧಾರಯವಾಗಿ ಓದಿದರೆ ಒಳಹೊರಗಿನ ಜಗಳವಿಲ್ಲ, ಕೋಶವೇ ಜೀವಿ, ಋಗ್ವೇದದ ತುಂಬಿದ ಬಾನಿ. ಜೀವಶಾಸ್ತ್ರ ಕಲಿಯುವವನು ಪೊರೆ, ಗೋಡೆಗಳ ಪಾಠದಲ್ಲಿ ಮೊದಲ ದಾರಿ ಹಿಡಿದು ಆಮೇಲೆ ಎರಡನೆಯದಕ್ಕೆ ಹೊರಳುತ್ತಾನೆ. ಎರಡನ್ನೂ ಹೊತ್ತಿರುವ ಶಬ್ದ ನಮಗೆ ಸಿಕ್ಕಿದ್ದು ಪುಣ್ಯ. ನನ್ನ ಒಲವು ಕರ್ಮಧಾರಯದ ಕಡೆ.

ಇಷ್ಟಾಗಿ, ಇಂದಾಪುರದ ದವಾಖಾನೆಯ ಪೇಶಿ ಎಲ್ಲಿಂದ ಬಂತು? ಪೇಶ್ವೆಯರ ಜಿಲ್ಲೆಯಲ್ಲಿ ನಿಂತು ಕೇಳುವಾಗ ಪಾರಸಿಯ ‘ಪೇಶ್’ ನೆನಪಾಗುವುದು ಸಹಜ. ಮುಂದೆ ನಿಲ್ಲುವವನು ಪೇಶ್ವೆ, ಹಿಂದಿಯಲ್ಲಿ ಕೋರ್ಟಿನ ಮುಂದೆ ಹಾಜರಾಗುವುದು ಪೇಶಿ. ಅದಲ್ಲ. ಇದು ಸಂಸ್ಕೃತದ ಪೇಶೀ, ಮಾಂಸದ ಮುದ್ದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಎರಡನೆಯ ತಿಂಗಳ ಪಿಂಡ ಘನವಾಗಿಯೋ ಪೇಶಿಯಾಗಿಯೋ ಅರ್ಬುದವಾಗಿಯೋ ರೂಪಗೊಳ್ಳುತ್ತದೆ, ಘನವಾದರೆ ಗಂಡು, ಪೇಶಿಯಾದರೆ ಹೆಣ್ಣು, ಅರ್ಬುದವಾದರೆ ಎರಡೂ ಅಲ್ಲದ್ದು ಎಂದಿದೆ. ಬೌದ್ಧರಲ್ಲಿ ಇವೇ ಮಾತುಗಳು ವಾರಗಳ ಸರಣಿಯಾಗಿ ಬರುತ್ತವೆ: ಕಲಲ, ಅಬ್ಬುದ, ಪೇಸಿ, ಘನ. ಪಾಲಿಯ ಸಂಯುತ್ತನಿಕಾಯದಲ್ಲಿ ಈ ಮಾತು ಬರುವುದು ಜೀವ ಈ ಮೈಯನ್ನು ಹೇಗೆ ಪಡೆಯುತ್ತದೆಂದು ಬುದ್ಧನನ್ನು ಕೇಳಿದ ಯಕ್ಷನಿಗೆ ಕೊಟ್ಟ ಉತ್ತರದಲ್ಲಿ, ಆ ಯಕ್ಷನ ಹೆಸರು ಇಂದಕ. ಇಂದಾಪುರಕ್ಕೂ ಇಂದಕನಿಗೂ ಯಾವ ಸಂಬಂಧವೂ ಇಲ್ಲ. ಹೇಳದೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೆ.

ನಮಗೆಲ್ಲ ಗೊತ್ತಿರುವ ಪೇಶಿ ಗಾಂಧಾರಿಯದು. ಎರಡು ವರ್ಷ ಹೊತ್ತು, ಕುಂತಿ ಹಡೆದ ಸುದ್ದಿ ಕೇಳಿ ಹೊಟ್ಟೆ ಹಿಸುಕಿಕೊಂಡಾಗ ಬಿದ್ದ ಗಟ್ಟಿ ಮಾಂಸಪೇಶಿಯನ್ನು ವ್ಯಾಸರು ತಣ್ಣೀರು ಚಿಮುಕಿಸಿ ನೂರೊಂದು ಹೋಳಾಗಿಸಿ ತುಪ್ಪದ ಕೊಡಗಳಲ್ಲಿ ಇಡಿಸಿದ ಕಥೆ. ಇದನ್ನು ಹಿಡಿದು ನಮ್ಮ ಪೂರ್ವಜರಿಗೆ ಕೋಶಸಂವರ್ಧನೆ ಗೊತ್ತಿತ್ತೆಂದು ವೇದಿಕೆ ಹತ್ತುವವರಿದ್ದಾರೆ. ನಾವು ಹತ್ತುವುದು ಬೇಡ. ಕಥೆ ಕಥೆಯಾಗಿಯೇ ದೊಡ್ಡದು. ನಮ್ಮ ಕುತೂಹಲ ಶಬ್ದದ್ದು: ಸುಶ್ರುತ ಮೈಯಲ್ಲಿ ಐನೂರು ಪೇಶಿಗಳನ್ನೆಣಿಸುವಾಗ ಅದು ಸ್ನಾಯುಖಂಡ, ಹಿಂದಿಯಲ್ಲಿ ಆ ಅರ್ಥವೇ ನಿಂತಿತು, ಹಿಂದಿಯ ಮಾಂಸಪೇಶಿ ಇಂದಿಗೂ ಅದೇ. ಮರಾಠಿ ಸ್ನಾಯುವಿಗೆ ಸ್ನಾಯುವೆಂದೇ ಹೇಳಿ ಪೇಶಿಯನ್ನು ಅದರಿಂದ ಬಿಡಿಸಿಕೊಂಡು ಜೀವಕೋಶಕ್ಕೆ ಕೊಟ್ಟಿತು. ಪೇಶಿಯ ಜೊತೆಗಾರ ಅರ್ಬುದ, ಎಣಿಕೆಯಲ್ಲಿ ಕೋಟಿಗಳ ಅಳತೆಯಾಗಿ, ಗುಡ್ಡಗಳಲ್ಲಿ ಅಬು ಪರ್ವತವಾಗಿ, ನಮ್ಮ ವೈದ್ಯಕೀಯ ಕನ್ನಡದಲ್ಲಿ ಕ್ಯಾನ್ಸರ್ ಆಗಿ ಉಳಿಯಿತು. ಗರ್ಭದ ಸಹಜ ಬೆಳವಣಿಗೆಯ ಹೆಸರು ಅಂಕೆಮೀರಿದ ಬೆಳವಣಿಗೆಗೆ ಹೋಯಿತು ನೋಡಿ. ಭ್ರೂಣದಲ್ಲಿ ದುಡಿದು ಮಲಗಿದ ವಂಶವಾಹಿಗಳು ಗಡ್ಡೆಯಲ್ಲಿ ಮತ್ತೆ ಎಚ್ಚರಗೊಳ್ಳುವುದನ್ನು ಈಗಿನ ಸಂಶೋಧಕರು ತೋರಿಸಿದ್ದಾರೆ, ಚರಕನಿಗೆ ಅದರ ಸುಳಿವಿರಲಿಲ್ಲ, ಶಬ್ದ ಮಾತ್ರ ತಾನಾಗಿಯೇ ಆ ಹಾದಿಯಲ್ಲಿ ನಡೆದಿದೆ.

ಹಾಗಾದರೆ ಕೋಶವೂ ಪೇಶಿಯೂ ಬೇರೆ ಬೇರೆ ಕುಲದವೆ? ಇಲ್ಲಿ ಅಮರಕೋಶದ ಎರಡನೆಯ ಕಾಂಡದ ಸಿಂಹಾದಿವರ್ಗವನ್ನು ತೆರೆಯಬೇಕು. ಹಕ್ಕಿಗಳ ಹೆಸರುಗಳ ಕೊನೆಗೆ, ಮೊಟ್ಟೆಗೆ ಅಮರ ಕೊಡುವ ಪರ್ಯಾಯಗಳು ಪೇಶಿ, ಕೋಶ, ಅಂಡ. ಅದರ ಬೆನ್ನಿಗೇ, ಅದೇ ಸಾಲಿನಲ್ಲಿ, ಗೂಡಿನ ಹೆಸರುಗಳು. ಪೇಶೀಕೋಶವೆಂದು ಒಂದೇ ಪದವಾಗಿ ಕೂಡಿಸಿ ಓದುವವರೂ ಇದ್ದಾರೆ. ಅಂದರೆ ಹೊಳೆಯ ಮೇಲ್ಸೀಮೆಯವರು ಆಯ್ದದ್ದೂ ಕೆಳಸೀಮೆಯವರು ಆಯ್ದದ್ದೂ ರಾಮನಗರದವರು ಮಾರುವುದೂ ಒಂದೇ ಸಾಲಿನಲ್ಲಿ ಒಂದಕ್ಕೊಂದು ಆತು ಕುಳಿತಿದ್ದವು, ಮೊಟ್ಟೆಯ ಸುತ್ತ! ಫಲಿಸದ ಮೊಟ್ಟೆಯೊಳಗಿನ ಹಳದಿ ಒಂದೇ ಒಂದು ಜೀವಕೋಶ, ಬರಿಗಣ್ಣಿಗೆ ಕಾಣುವ, ಬಾಣಲೆಗೆ ಒಡೆದು ಹಾಕುವ ಜೀವಕೋಶ. ಅಮರ ಇದನ್ನು ಬಲ್ಲವನಲ್ಲ. ಆದರೆ ಪದಜಿಜ್ಞಾಸೆ ಮಾಡುವವನಿಗೆ ಇಂಥ ಸಾಲೊಂದು ದಕ್ಕಿದ ದಿನ ಊಟ ರುಚಿಸುತ್ತದೆ.

ಇಂದಾಪುರದ ಹೊಲಕ್ಕೆ ಇಳಿಯೋಣ. ಭವಾನಿನಗರ, ಬಿಜವಡಿಗಳ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊರುವ ಸೀಮೆಯಿದು. ಅಲ್ಲಿ ಅದು ಊಸ, ಸಂಸ್ಕೃತದ ಇಕ್ಷು ಪ್ರಾಕೃತದಲ್ಲಿ ಉಚ್ಛುವಾಗಿ ಸವೆದು ಉಳಿದ ರೂಪ. ನಮ್ಮ ಕಬ್ಬು ಹಳಗನ್ನಡದ ಕರ್ಬು, ತಮಿಳಿನ ಕರುಂಬಿನ ಒಡಹುಟ್ಟು. ಕಬ್ಬಿನ ಸಿಹಿ ಎಲ್ಲಿ ಕೂತಿರುತ್ತದೆ? ಜಲ್ಲೆಯ ಮೆತುಕೋಶಗಳ ಒಳಗೆ ಹಿಗ್ಗಿ ನಿಂತ, ಇಂಗ್ಲಿಷಿನಲ್ಲಿ ವ್ಯಾಕ್ಯುವೋಲ್ ಎನ್ನುವ ಸಣ್ಣ ಚೀಲಗಳಲ್ಲಿ. ಮೊದಲು ಕಂಡವರಿಗೆ ಅವು ಖಾಲಿ ಜಾಗದಂತೆ ತೋರಿದ್ದರಿಂದ ಖಾಲಿಯೆಂಬರ್ಥದ ಲ್ಯಾಟಿನ್ ಹೆಸರು ಬಿತ್ತು, ಮರಾಠಿ ಅದನ್ನು ನಿಷ್ಠೆಯಿಂದ ರಿಕ್ತಿಕಾ ಎಂದಿತು. ಇಡೀ ತಾಲ್ಲೂಕಿನ ಬಾಳುವೆ ನಿಂತಿರುವುದು ಆ ‘ರಿಕ್ತ’ದೊಳಗಿನ ಸಕ್ಕರೆಯ ಮೇಲೆ! ಕನ್ನಡದ ಪಠ್ಯ ಇದಕ್ಕೆ ರಸದಾನಿ ಎನ್ನುತ್ತದೆ, ಕೇಳಲು ಹೂದಾನಿ, ಪೀಕದಾನಿಗಳ ತಂಗಿಯ ಹಾಗೆ. ಹಿಂದಿಯಲ್ಲಿ ರಸಧಾನೀ ಎಂದು ರಾಜಧಾನಿಯ ಧಾನಿ. ಮಹಾಪ್ರಾಣ ಕಳೆದುಕೊಂಡು ನಮ್ಮಲ್ಲಿ ದಾನಿಯಾದಾಗ ಪಾರಸಿಯ ದಾನಿನ ಹತ್ತಿರ ಬಂತು, ಆ ಪಾರಸಿ ದಾನೂ ಸಂಸ್ಕೃತದ ಧಾನವೂ ಮೂಲದಲ್ಲಿ ಒಂದೇ ಧಾತುವಿನವಾದ್ದರಿಂದ ಕಳೆದುಹೋದವರು ಮನೆಗೆ ಮರಳಿದಂತಾಯಿತು. ಮೇಲಾಗಿ ಕನ್ನಡದ ಕಿವಿಗೆ ರಸ ಕೊಡುವ ದಾನಿಯೆಂದೂ ಕೇಳುತ್ತದೆ. ಈ ಒಂದು ಹೆಸರಿನಲ್ಲಿ ನಾವು ನೆರೆಯವರಿಗಿಂತ ಗೆದ್ದೆವೆಂದು ಬೀಗಿದರೆ ತಪ್ಪಿಲ್ಲ.

ಆದರೆ ಊತಿಯಲ್ಲಿ ಗೆದ್ದವರು ಅವರು. ಒಂದೇ ಬಗೆಯ ಕೋಶಗಳು ಸೇರಿ ಆಗುವ ಹೆಣಿಗೆಗೆ ನಾವು ಅಂಗಾಂಶವೆಂದು ಒಣಗಿದ ಹೆಸರಿಟ್ಟೆವು, ಅಂಗದ ಒಂದು ಅಂಶ. ಮರಾಠಿಯ ಊತಿ ನೇಯ್ಗೆ. ಟಿಶ್ಯೂ ಎಂಬುದೂ ಫ್ರೆಂಚಿನ ನೇಯ್ದ ಬಟ್ಟೆಯೇ. ಉಜನಿಯ ಹಿನ್ನೀರಿನ ಅಂಚಿಗೆ ಈಗ ಕಬ್ಬಿನ ಜೊತೆ ಹಬ್ಬುತ್ತಿರುವ ಬಾಳೆಯ ಸಸಿಗಳು ‘ಊತಿಸಂವರ್ಧಿತ’ ಎಂದು ಕಾಗದದಲ್ಲಿರುತ್ತವೆ, ರೈತ ಮಾತ್ರ ಟಿಶ್ಯೂ ಎನ್ನುತ್ತಾನೆ, ನಮ್ಮ ಕಡೆಯವರೂ ಅಂಗಾಂಶ ಕೃಷಿಯೆನ್ನದೆ ಟಿಶ್ಯೂ ಬಾಳೆ ಎನ್ನುತ್ತಾರೆ. ಕಬ್ಬಿನ ತಳಿಯೂ ಹಾಗೆಯೇ: 86032 ಎಂಬ ಬರಿಯ ಅಂಕಿಯನ್ನು ಭೀಮೆಯ ಉದ್ದಕ್ಕೂ ಎರಡೂ ನುಡಿಯವರು ಹೆಸರಾಗಿ ಬಳಸುತ್ತಾರೆ. ಕೊಯಮತ್ತೂರಿನಲ್ಲಿ 1912ರಲ್ಲಿ ತೆರೆದ ಕೇಂದ್ರದಲ್ಲಿ ಬಾರ್ಬರ್, ವೆಂಕಟರಾಮನ್ ಅವರು ರಸಗಬ್ಬಿಗೂ ಕಾಡುಗಬ್ಬಿಗೂ ಮದುವೆ ಮಾಡಿಸಿದ ವಂಶದ ಮುಂದುವರಿಕೆ ಅದು. ಆ ಕೋಶಗಳೊಳಗಿನ ವರ್ಣತಂತುಗಳನ್ನು ಎಣಿಸುವ ತಾಳ್ಮೆಯ ಕೆಲಸವನ್ನು ಅಲ್ಲಿ ಜಾನಕಿ ಅಮ್ಮಾಳ್ ಮಾಡಿದರು. ಎಣಿಕೆ ಎಷ್ಟು ಕಠಿಣವೆಂದರೆ ಇಂದಿನ ಕಬ್ಬಿನ ಪೂರ್ಣ ವಂಶಲಿಪಿ ಓದಿ ಮುಗಿದದ್ದು 2024ರಲ್ಲಿ, ರಿಯೂನಿಯನ್ ದ್ವೀಪದ ಆರ್570 ಎಂಬ ತಳಿಯದು: ಸುಮಾರು 114 ವರ್ಣತಂತು, ಸಾವಿರ ಕೋಟಿಯಷ್ಟು ಅಕ್ಷರ, ಮನುಷ್ಯನ ಲಿಪಿಯ ಮೂರು ಪಟ್ಟು. ಒಂದೊಂದು ಕೋಶದೊಳಗೂ ಅಷ್ಟು ದಪ್ಪದ ಕೋಶ!

ಈ ಯಮಕ ನನ್ನ ಕುಚೋದ್ಯವಲ್ಲ, ಈಚಿನ ಸಂಶೋಧನೆಯೇ ಅತ್ತ ಎಳೆಯುತ್ತಿದೆ. 2016ರಲ್ಲಿ ಅಮೆರಿಕದ ಕ್ರೇಗ್ ವೆಂಟರ್ ಸಂಸ್ಥೆಯವರು ಒಂದು ಬ್ಯಾಕ್ಟೀರಿಯದಿಂದ ಬೇಡದ ವಂಶವಾಹಿಗಳನ್ನೆಲ್ಲ ಒರಸುತ್ತ ಹೋಗಿ 473ರಲ್ಲಿ ನಿಂತರು. ಅಷ್ಟರಲ್ಲೇ ಕೋಶ ಬದುಕಿತು, ಮರಿಯಿಟ್ಟಿತು. 473 ನಮೂದುಗಳ ಪುಟ್ಟ ನಿಘಂಟು. ಅದರಲ್ಲಿ ಸುಮಾರು ಮೂರನೆಯ ಒಂದು ಭಾಗದ ಅರ್ಥ ಆಗ ಮಾಡಿದವರಿಗೇ ತಿಳಿದಿರಲಿಲ್ಲ. ಅದೇ ವರ್ಷ ಶುರುವಾದ ಮಾನವ ಕೋಶಪಟ ಯೋಜನೆ ನಮ್ಮ ಮೈಯ 37 ಲಕ್ಷ ಕೋಟಿಯಷ್ಟು ಕೋಶಗಳನ್ನು ಬಗೆಬಗೆಯಾಗಿ ವಿಂಗಡಿಸ ಹೊರಟಿದೆ: ಕೋಶದ ಆಕಾರ ನೋಡಿ ಅಲ್ಲ, ಒಂದೊಂದರೊಳಗೆ ಯಾವ ವಂಶವಾಹಿ ಈಗ ಮಾತಾಡುತ್ತಿದೆ, ಯಾವುದು ಸುಮ್ಮನಿದೆ ಎಂಬುದನ್ನು ಓದಿ. ಅರ್ಥ ನೋಡಿ ನಮೂದು ಮಾಡುವ ಕೋಶಕಾರರ ಕಸುಬೇ ಅದು. ಪುಣೆಯ ವಿಶ್ವವಿದ್ಯಾಲಯದ ಆವರಣದಲ್ಲಿ, ಬೆಳೆಸಿದ ಕೋಶಗಳನ್ನು ಹೆಪ್ಪುಗಟ್ಟಿಸಿ ಕಾಪಿಟ್ಟು ದೇಶದ ಪ್ರಯೋಗಾಲಯಗಳಿಗೆ ಕಳಿಸಿಕೊಡುವ ಸಂಸ್ಥೆಯೊಂದಿದೆ. ಅದರ ಹಿಂದಿ ಹೆಸರು ರಾಷ್ಟ್ರೀಯ ಕೋಶಿಕಾ ವಿಜ್ಞಾನ ಕೇಂದ್ರ. ಕೌಟಿಲ್ಯನ ಕೋಶವೂ ಹುಕ್ಕನ ಕೋಶವೂ ಅಲ್ಲಿ ಒಂದೇ ಶೀತಪೆಟ್ಟಿಗೆಯಲ್ಲಿ ವಾಸವಾಗಿವೆ, ಹೊರಗೆ ಬೀದಿಯಲ್ಲಿ ಎಲ್ಲರೂ ಪೇಶಿಯೆನ್ನುತ್ತಿರುತ್ತಾರೆ.

ಒಡವೆಯ ಅರ್ಥ ಹೀಗೆ ಕೊಬ್ಬುತ್ತಿರುವಾಗ ಒರೆಯ ಅರ್ಥ ಸೊರಗುತ್ತಿದೆ. ಕೋಶದೊಳಗಿನ ಪ್ರತಿಯೊಂದು ಕೆಲಸಕ್ಕೂ ಪೊರೆ ಸುತ್ತಿದ ಬೇರೆ ಬೇರೆ ಕೋಣೆಗಳಿರುತ್ತವೆಂದು ನಾವೆಲ್ಲ ಓದಿ ಪಾಸಾದವರು. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಬ್ರ್ಯಾಂಗ್ವಿನ್, ಹೈಮನ್ ಮತ್ತು ಸಂಗಡಿಗರು ಸಣ್ಣ ಹುಳುವಿನ ಭ್ರೂಣದೊಳಗಿನ ಕಣಗಳು ಪೊರೆಯಿಲ್ಲದೆ, ಸಾರಿನ ಮೇಲಿನ ಎಣ್ಣೆಯ ಹನಿಗಳ ಹಾಗೆ ಕೂಡಿ ಬೇರೆಯಾಗುವುದನ್ನು ಕಂಡರು. ಅಲ್ಲಿಂದೀಚೆಗೆ ಇಂಥ ಹನಿಗಳು ಕೋಶದ ಮೂಲೆಮೂಲೆಯಲ್ಲಿ ಸಿಕ್ಕುತ್ತಿವೆ. ಒರೆಯಿಲ್ಲದೆಯೂ ಒಡವೆ ಚೆಲ್ಲಿಹೋಗುವುದಿಲ್ಲ. ಹೊರಗಿನ ಒರೆಯಾದರೂ ಭದ್ರವೆ? ಗಿಡಗಳ ಕೋಶಗೋಡೆಗಳಲ್ಲಿ ಸಣ್ಣ ಕಿಂಡಿಗಳಿದ್ದು ಅಕ್ಕಪಕ್ಕದ ಕೋಶಗಳ ರಸ ಒಂದಾಗಿರುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಿಂದ ಗೊತ್ತು, ಇಂದಾಪುರದ ಕಬ್ಬಿನ ಸಿಹಿ ಜಲ್ಲೆಯೊಳಗೆ ದಾಟುವುದರಲ್ಲಿ ಆ ಕಿಂಡಿಗಳ ಪಾಲೂ ಇದೆ. ಪ್ರಾಣಿಕೋಶಗಳೂ ನೂಲಿನಂಥ ಸುರಂಗ ಚಾಚಿ ಸರಕು ವಿನಿಮಯ ಮಾಡುತ್ತವೆಂದು 2004ರಲ್ಲಿ ತಿಳಿಯಿತು. ಕತ್ತಿಯ ಒರೆಗೆ ಇಷ್ಟು ತೂತಿದ್ದರೆ ಅದನ್ನು ಒರೆಯೆನ್ನುವವರಾರು? ಗೋಡೆಯನ್ನೇ ಹೆಸರಾಗಿ ಹೊತ್ತ ‘ಸೆಲ್’ ಇಲ್ಲಿ ಪೇಚಿಗೆ ಬೀಳುತ್ತದೆ. ಹೊದಿಕೆಯ ಮಾತೇ ಎತ್ತದೆ ಮುದ್ದೆಯೆಂದ ಪೇಶಿ ಬೀಳುವುದಿಲ್ಲ. ನಮ್ಮ ಕೋಶ ಅರ್ಧ ಬಿದ್ದು, ಬಾನಿಯಾಗಿದ್ದ ಕಾಲದ ಅರ್ಥವನ್ನು ಹಿಡಿದು ಎದ್ದು ನಿಲ್ಲುತ್ತದೆ.

ಹೊಸ ಚಿಕಿತ್ಸೆಗಳು ಬಂದಂತೆ ಹೊಸ ಸಮಾಸಗಳು ಬರುತ್ತಿವೆ. ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಅರ್ಬುದವನ್ನು ಗುರುತಿಸುವಂತೆ ಅವಕ್ಕೆ ವಂಶವಾಹಿಯೊಂದನ್ನು ಕೂಡಿಸಿ ಮರಳಿ ಬಿಡುವ ಚಿಕಿತ್ಸೆಯ ಭಾರತೀಯ ರೂಪ, ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ದುಡಿಮೆಯ ಫಲ, 2023ರ ಅಕ್ಟೋಬರಿನಲ್ಲಿ ಮಂಜೂರಾಯಿತು. ಮರಾಠಿ ಪತ್ರಿಕೆಗಳಿಗೆ ಅದು ಟಿ-ಪೇಶಿ, ನಮಗೆ ಟಿ ಕೋಶ. ಇನ್ನು ಸ್ಟೆಮ್ ಸೆಲ್. ಅದಕ್ಕೆ ಮರಾಠಿಯಲ್ಲಿ ಮೂಲಪೇಶಿಯೆಂಬ ಹೆಸರು ಬಹುಮಟ್ಟಿಗೆ ನಿಂತಿದೆ, ನಮ್ಮಲ್ಲಿ ಇನ್ನೂ ಗುದ್ದಾಟ. ಕಾಂಡಕೋಶ ಎಂದವರು ಸ್ಟೆಮ್ಮಿಗೆ ಗಿಡದ ಕಾಂಡವೆಂಬ ಅರ್ಥ ಹಿಡಿದರು, ರೋಗಿಗೆ ಕಬ್ಬಿನ ಜಲ್ಲೆ ನೆನಪಾದರೆ ಅವನ ತಪ್ಪಲ್ಲ. ಆಕರಕೋಶ ಎಂದವರು ಗಣಿಯೆಂಬರ್ಥದ ಆಕರವನ್ನು ತಂದರು. ಅಗೆದಷ್ಟೂ ಬೇರೆ ಬೇರೆ ಲೋಹ ಕೊಡುವ ಗಣಿ, ಪಂಡಿತರ ಆಕರಗ್ರಂಥದ ನಂಟೂ ಜೊತೆಗೆ, ನನ್ನ ಮತ ಅದಕ್ಕೆ. ಆದರೆ ಮತ ನನ್ನೊಬ್ಬನದಲ್ಲ. ಪುಣೆಯ ಬಾಲಭಾರತಿ ಅಚ್ಚು ಹಾಕುವ ಕನ್ನಡ ಮಾಧ್ಯಮದ ಪಠ್ಯಗಳನ್ನು ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆಗಳ ಶಾಲೆಗಳಲ್ಲಿ ಓದುತ್ತ, ಮನೆಯ ಟಿವಿಯಲ್ಲಿ ಮರಾಠಿ ಕೇಳುತ್ತ ಬೆಳೆಯುವ ಮಕ್ಕಳಿಗೆ ಮೂಲಪೇಶಿಯ ಮೂಲವೂ ಜೀವಕೋಶದ ಕೋಶವೂ ಎರಡೂ ಕೈಗೆಟಕುವಲ್ಲಿವೆ. ಅವರಲ್ಲೊಬ್ಬಳು ಮುಂದೆ ಈ ಶಾಸ್ತ್ರ ಬರೆಯ ಕೂತು ಮೂಲಕೋಶ ಎಂದಳೆನ್ನಿ, ವ್ಯಾಕರಣ ಒಪ್ಪುತ್ತದೆ, ಅಮರನ ಆ ಸಾಲೂ ಒಪ್ಪುತ್ತದೆ. ಆಕರದ ಪರ ವಾದಿಸುತ್ತ ನಾನಾಗ ಎಷ್ಟು ಹೊತ್ತು ನಿಂತೇನು ಎಂಬುದು ಬೇರೆ ಮಾತು.